ಎಲ್-1 ವೀಸಾಕ್ಕೆ ಕಾಗದಪತ್ರ ಹೊಂದಿಸುವ ಬಗೆ: ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ

ಒಂದೇ ಕಂಪನಿಯ ಭಾರತದ ಕಚೇರಿಯಿಂದ ಅಮೆರಿಕದ ಕಚೇರಿಗೆ ವರ್ಗವಾಗಿ ಹೋಗುವವರಿಗೆ ಎಲ್-1 ವೀಸಾ ಬೇಕು. ಇದರ ಮೂಲ ಅರ್ಜಿಯಾದ ಐ-129 ನಮೂನೆಯನ್ನು ಸಲ್ಲಿಸುವುದು ಕಂಪನಿಯೇ ಹೊರತು ನೌಕರನಲ್ಲ. ಆದರೂ ಆ ಕಡತಕ್ಕೆ ಬೇಕಾದ ಎಷ್ಟೋ ಕಾಗದಗಳು ನಮ್ಮ ಮನೆಯ ಟ್ರಂಕಿನಿಂದಲೇ ಹೊರಬರಬೇಕಾದವು. ಆದ್ದರಿಂದ ಕಂಪನಿಯ ವಕೀಲರು ಕೇಳುವ ಮೊದಲೇ ಅವುಗಳನ್ನು ತೆಗೆದು ಒಂದರ ಪಕ್ಕ ಒಂದಿಟ್ಟು ಓದುವುದು ಒಳ್ಳೆಯದು.

ಮೊದಲು ನೀವು ಯಾವ ವರ್ಗಕ್ಕೆ ಸೇರುತ್ತೀರಿ ಎಂಬುದನ್ನು ತಿಳಿದುಕೊಳ್ಳಿ. ವ್ಯವಸ್ಥಾಪಕರಿಗೆ ಮತ್ತು ಉನ್ನತಾಧಿಕಾರಿಗಳಿಗೆ ಎಲ್-1ಎ. ಅವರು ಒಟ್ಟು 7 ವರ್ಷ ಅಲ್ಲಿರಬಹುದು. ಕಂಪನಿಯ ಉತ್ಪನ್ನ ಅಥವಾ ಕಾರ್ಯವಿಧಾನದ ವಿಶೇಷ ಜ್ಞಾನವುಳ್ಳವರಿಗೆ ಎಲ್-1ಬಿ. ಅವರಿಗೆ 5 ವರ್ಷದ ಮಿತಿ.

ಎರಡೂ ವರ್ಗಕ್ಕೆ ಸಮಾನವಾದ ಷರತ್ತೆಂದರೆ, ಅರ್ಜಿಗೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಅಮೆರಿಕದ ಹೊರಗೆ ಅದೇ ಕಂಪನಿಯಲ್ಲಿ ಅಥವಾ ಅದರ ಮಾತೃಸಂಸ್ಥೆ, ಅಂಗಸಂಸ್ಥೆಗಳಲ್ಲಿ ಸತತವಾಗಿ ದುಡಿದಿರಬೇಕು. ಇದಕ್ಕೆ ನೇಮಕಾತಿ ಪತ್ರ, ತಿಂಗಳ ಸಂಬಳದ ಚೀಟಿಗಳು, ಫಾರ್ಮ್ 16, ಭವಿಷ್ಯ ನಿಧಿಯ ಪಾಸ್‌ಬುಕ್ ಆಧಾರ. ಈ ನಡುವೆ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಬಂದಿದ್ದರೆ ಸೇವೆ ಕಡಿಯುವುದಿಲ್ಲ, ಆದರೆ ಅಲ್ಲಿದ್ದ ದಿನಗಳು ಆ ಒಂದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನ ಎಣಿಸಿಕೊಳ್ಳಿ. ತೋರಣಗಲ್ಲು, ಗಿಣಿಗೇರಿಯ ಕಡೆ ಕಾರ್ಖಾನೆಯೊಳಗೆ ದುಡಿದರೂ ಗುತ್ತಿಗೆದಾರನಿಂದ ಸಂಬಳ ಪಡೆಯುವವರು ಬಹಳ. ಅಂಥವರು ಕಂಪನಿಯ ಸ್ವಂತ ನೌಕರರಾಗಿ ಸೇರಿದ ದಿನಾಂಕದಿಂದ ಎಣಿಸಿದರೆ ಕ್ಷೇಮ.

ಕಡತದ ಜೀವಾಳ ಕೆಲಸವನ್ನು ವಿವರಿಸುವ ಪತ್ರ. ಅದನ್ನು ಕಂಪನಿ ಬರೆದರೂ ಅದಕ್ಕೆ ಸರಕು ಒದಗಿಸಬೇಕಾದವರು ನೀವು. ‘ತಂಡವನ್ನು ನೋಡಿಕೊಳ್ಳುತ್ತಾರೆ’ ಎಂಬ ಒಂದು ಸಾಲಿಗೆ ಬೆಲೆಯಿಲ್ಲ. ನಿಮ್ಮ ಕೈಕೆಳಗೆ ಎಷ್ಟು ಜನ, ಅವರ ಹುದ್ದೆಯೇನು, ಅವರನ್ನು ನೇಮಿಸುವ ಅಥವಾ ಬಡ್ತಿಗೆ ಶಿಫಾರಸು ಮಾಡುವ ಅಧಿಕಾರ ನಿಮಗಿದೆಯೇ, ವಾರದ ಸಮಯದಲ್ಲಿ ಯಾವ ಕೆಲಸಕ್ಕೆ ಎಷ್ಟು ಪಾಲು ಹೋಗುತ್ತದೆ ಎಂಬುದನ್ನೆಲ್ಲ ಬರೆದುಕೊಡಿ; ಜೊತೆಗೆ ಹುದ್ದೆಗಳ ಶ್ರೇಣಿಯ ನಕ್ಷೆ ಇರಲಿ. ಎಲ್-1ಬಿ ಆದರೆ ನಿಮ್ಮ ಜ್ಞಾನ ಹೊರಗಿನ ಸಾಮಾನ್ಯ ಎಂಜಿನಿಯರಿಗೆ ಇರುವುದಕ್ಕಿಂತ ಹೇಗೆ ಬೇರೆ, ಅದನ್ನು ಗಳಿಸಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ತರಬೇತಿ ಪ್ರಮಾಣಪತ್ರಗಳ ಸಮೇತ ತೋರಿಸಬೇಕು. ನನ್ನ ಅನಿಸಿಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ನಮ್ಮ ಕೆಲಸವನ್ನು ನಾವೇ ಬಣ್ಣಿಸಿಕೊಳ್ಳುವುದು ನಮಗೆ ಮುಜುಗರದ ವಿಷಯ.

ನಮ್ಮ ಭಾಗದವರಿಗೆ ವಿಶೇಷವಾಗಿ ಕಾಡುವುದು ಊರ ಹೆಸರು. ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಎಂದಿದ್ದುದು 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಆಯಿತು. ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಜನಿಸಿದವರ ಜನನ ಪತ್ರದಲ್ಲಿ ಜಿಲ್ಲೆ ರಾಯಚೂರು ಎಂದಿರುತ್ತದೆ. ಹೊಸಪೇಟೆಯವರಿಗಂತೂ 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಇವು ತಪ್ಪುಗಳಲ್ಲ, ಹಳೆಯ ಪತ್ರವನ್ನು ತಿದ್ದಿಸಲು ಓಡಾಡಬೇಡಿ, ವ್ಯತ್ಯಾಸದ ಕಾರಣವನ್ನು ವಕೀಲರಿಗೆ ಮೊದಲೇ ತಿಳಿಸಿ. ನಿಮ್ಮ ಸ್ವಂತ ಹೆಸರಿನ ವಿಷಯ ಹಾಗಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಸಂಬಳದ ಚೀಟಿಯಲ್ಲಿ ಮನೆತನದ ಹೆಸರು ಇದ್ದರೆ ಪಾಸ್‌ಪೋರ್ಟನ್ನೇ ಪ್ರಮಾಣವಾಗಿಟ್ಟುಕೊಂಡು, ಉಳಿದ ಹೆಸರುಗಳೂ ನಿಮ್ಮವೇ ಎಂಬ ಅಫಿಡವಿಟ್ ಮಾಡಿಸಿಡಿ.

ಕನ್ನಡದಲ್ಲಿರುವ ಪ್ರತಿ ಪತ್ರಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸಂಪೂರ್ಣ ಹಾಗೂ ನಿಖರವಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕ ಬರೆದು ಸಹಿ ಮಾಡಿದರೆ ಸಾಕು. ಅದಕ್ಕೆ ನೋಟರಿಯ ಮುದ್ರೆಯನ್ನು ನಿಯಮ ಕೇಳುವುದಿಲ್ಲ. ಪತಿ ಅಥವಾ ಪತ್ನಿ ಎಲ್-2 ವೀಸಾದಲ್ಲಿ ಜೊತೆಗೆ ಬರುವುದಾದರೆ ನೋಂದಾಯಿತ ವಿವಾಹ ಪತ್ರ ಬೇಕೇ ಬೇಕು. ಲಗ್ನಪತ್ರಿಕೆಯೂ ಫೋಟೋಗಳೂ ಅದರ ಬದಲಿಗೆ ಆಗವು.

ಎರಡು ದೇಶಗಳ ಕಚೇರಿಗಳ ಒಡೆತನದ ಸಂಬಂಧ, ಲೆಕ್ಕಪತ್ರ, ಹೊಸ ಕಚೇರಿಯಾದರೆ ಬಾಡಿಗೆ ಕರಾರು, ಇವೆಲ್ಲ ಕಂಪನಿಯ ಹೊಣೆ. ಅರ್ಜಿ ಮಂಜೂರಾದ ಮೇಲೆ ಐ-797 ಎಂಬ ಮಂಜೂರಾತಿ ಸೂಚನೆಯೊಂದಿಗೆ ಸಲ್ಲಿಸಿದ ಇಡೀ ಕಡತದ ಪ್ರತಿಯನ್ನು ಕೇಳಿ ಪಡೆಯಿರಿ, ವೀಸಾಕ್ಕೆ ನೀವೇ ಸಲ್ಲಿಸಬೇಕಾದ ಆನ್‌ಲೈನ್ ಅರ್ಜಿ ಡಿಎಸ್-160 ತುಂಬುವ ಮುನ್ನ ಅದನ್ನು ಒಮ್ಮೆ ಪೂರ್ತಿ ಓದಿ, ಹುದ್ದೆಯ ಹೆಸರನ್ನೂ ದಿನಾಂಕಗಳನ್ನೂ ಅದರಲ್ಲಿದ್ದಂತೆಯೇ ಬರೆಯಿರಿ.