ಇಂಗ್ಲೆಂಡಿನಲ್ಲಿ ಎಂಆರ್‌ಐ: ನಿಮ್ಮ ಕಾಲಲ್ಲಿರುವ ರಾಡ್ ಯಾವ ಕಂಪನಿಯದು?

ಊರಲ್ಲಾದರೆ ಡಾಕ್ಟರ ಚೀಟಿ ಹಿಡಿದು ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ದುಡ್ಡು ಕಟ್ಟಿದರೆ ಆಯಿತು. ದೊಡ್ಡ ಕವರಿನಲ್ಲಿ ಫಿಲ್ಮು ಕೈಗೆ ಬರುತ್ತದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹಾಗಲ್ಲ. ಮೊದಲು ಜಿಪಿಯನ್ನು, ಅಂದರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರನ್ನು ನೋಡಬೇಕು. ಬೆನ್ನುನೋವು ಅಂದ ತಕ್ಷಣ ಅವರು ಎಂಆರ್‌ಐ ಬರೆಯುವುದಿಲ್ಲ, ಫಿಸಿಯೋ ಬಳಿ ಕಳಿಸುವುದೇ ಜಾಸ್ತಿ. ಬರೆದ ಮೇಲೆ 6 ವಾರದೊಳಗೆ ಸ್ಕ್ಯಾನ್ ಆಗಬೇಕು ಅನ್ನುವುದು ಗುರಿ. ಅದು ಎಲ್ಲರಿಗೂ ದಕ್ಕುವುದಿಲ್ಲ.

ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೆ ಬೇರೆ ಬಿಲ್ ಇಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನ ಲೆಕ್ಕವೇ ಬೇರೆ. ಅವರಿಗೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬೀಳುತ್ತದೆ. ಇನ್ಶೂರೆನ್ಸ್ ಇಲ್ಲದೆ ಕರೆಸಬೇಡಿ.

ಅಪಾಯಿಂಟ್‌ಮೆಂಟ್ ಜೊತೆ ಒಂದು ಪ್ರಶ್ನಾವಳಿ ಬರುತ್ತದೆ. ನಮ್ಮವರು ಎಡವುವುದು ಇಲ್ಲೇ. ಪೇಸ್‌ಮೇಕರ್, ಸ್ಟೆಂಟ್, ಮಿದುಳಿನಲ್ಲಿ ಕ್ಲಿಪ್, ಕಾಲಲ್ಲಿ ರಾಡ್ ಇದೆಯೇ ಎಂದು ಕೇಳುತ್ತಾರೆ. ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ ಹಾಕಿಸಿದ್ದಾದರೂ ಬರೆಯಲೇಬೇಕು. ಯಾವ ಕಂಪನಿ, ಯಾವ ಮಾಡೆಲ್ ಎಂದೂ ಕೇಳಬಹುದು. ಉತ್ತರ ಇಲ್ಲದಿದ್ದರೆ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ, ಮತ್ತೆ ಕ್ಯೂ. ಪತ್ರ ಬಂದ ದಿನವೇ ಮನೆಗೆ ಫೋನ್ ಮಾಡಿ, ಬೀರುವಿನಲ್ಲಿರುವ ಡಿಸ್ಚಾರ್ಜ್ ಸಮ್ಮರಿಯ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಪೀಣ್ಯದಂಥ ಕಡೆ ಲೇತ್, ವೆಲ್ಡಿಂಗ್ ಕೆಲಸ ಮಾಡಿದ್ದು, ಕಣ್ಣಿಗೆ ಯಾವಾಗಲಾದರೂ ಕಬ್ಬಿಣದ ಚೂರು ಹೊಕ್ಕಿತ್ತೇ? ಅದನ್ನೂ ಹೇಳಿ. ಮೊದಲು ಕಣ್ಣಿನ ಎಕ್ಸ್‌ರೇ ತೆಗೆಸುತ್ತಾರೆ. ಸುಮ್ನೆ ಎಲ್ಲದಕ್ಕೂ 'ಇಲ್ಲ' ಎಂದು ಟಿಕ್ ಹಾಕಬೇಡಿ. ಎಂಆರ್‌ಐ ಯಂತ್ರವೆಂದರೆ ಕಬ್ಬಿಣವನ್ನು ಎಳೆಯುವ ಭಾರೀ ಮ್ಯಾಗ್ನೆಟ್, ಅದು ಸದಾ ಆನ್ ಇರುತ್ತದೆ.

ತಾಳಿ, ಕಾಲುಂಗುರ, ಮೂಗುಬೊಟ್ಟು ಬಿಚ್ಚಬೇಕು. ಬಿಗಿಯಾದ ಬಳೆ, ಮೂಗುಬೊಟ್ಟಿದ್ದರೆ ಮನೆಯಲ್ಲೇ ಸೋಪು ಹಚ್ಚಿ ತೆಗೆದುಬನ್ನಿ. ತಾಳಿ ತೆಗೆಯಲು ಮನಸ್ಸಿಲ್ಲ ಎಂದರೆ ಅರಿಶಿನ ಕೊಂಬನ್ನು ದಾರಕ್ಕೆ ಕಟ್ಟಿಕೊಳ್ಳಿ, ಅದರಲ್ಲಿ ಲೋಹವಿಲ್ಲವಲ್ಲ! ಜರಿ ಬಟ್ಟೆ ಬೇಡ.

ಒಳಗೆ 15ರಿಂದ 90 ನಿಮಿಷ ಅಲುಗದೆ ಮಲಗಬೇಕು. ಸದ್ದು ಮಾತ್ರ ಬೋರ್‌ವೆಲ್ ಕೊರೆದಂತೆ. ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಕೈಗೊಂದು ರಬ್ಬರ್ ಚೆಂಡು ಕೊಡುತ್ತಾರೆ, ಭಯವಾದರೆ ಹಿಚುಕಿ ಅವರನ್ನು ಕರೆಯಿರಿ. ಇಕ್ಕಟ್ಟು ಕಂಡರೆ ಆಗದವರು ಅವತ್ತು ಅಲ್ಲಿ ಹೇಳಿದರೆ ತಡವಾಗುತ್ತದೆ. ಭಯ ತಗ್ಗಿಸುವ ಮಾತ್ರೆ ಸಿಗುತ್ತದೆಯೇ ಎಂದು ಜಿಪಿಯನ್ನು ಮೊದಲೇ ಕೇಳಿ. ಅದನ್ನು ತೆಗೆದುಕೊಂಡರೆ ಡ್ರೈವ್ ಮಾಡುವಂತಿಲ್ಲ. ಇಂಗ್ಲಿಷ್ ಬಾರದ ಅಮ್ಮನಿಗೆ ಕನ್ನಡ ದುಭಾಷಿ ಬೇಕೆಂದು ಮುಂಚಿತವಾಗಿ ಕೇಳಬಹುದು.

"ಏನು ಕಂಡಿತು?" ಎಂದು ಸ್ಕ್ಯಾನ್ ಮಾಡಿದ ರೇಡಿಯೋಗ್ರಾಫರನ್ನು ಕೇಳಿದರೆ ಬರೀ ನಗು ಸಿಗುತ್ತದೆ. ಚಿತ್ರ ಓದುವುದು ರೇಡಿಯಾಲಜಿಸ್ಟ್, ರಿಪೋರ್ಟ್ ಹೋಗುವುದು ಬರೆದುಕೊಟ್ಟ ಡಾಕ್ಟರಿಗೆ. ಒಂದೆರಡು ವಾರವಾದರೂ ಸುದ್ದಿ ಇಲ್ಲದಿದ್ದರೆ ನೀವೇ ಫೋನ್ ಮಾಡಿ. ಬೆಂಗಳೂರಿನ ಡಾಕ್ಟರಿಗೂ ತೋರಿಸಬೇಕೆ? ಚಿತ್ರಗಳ ಕಾಪಿಯನ್ನು ಆಸ್ಪತ್ರೆಗೆ ಅರ್ಜಿ ಹಾಕಿ ಪಡೆಯಬಹುದು.