ನಾಯಿಗೆ ಸಂಡಾಸ ಕಟ್ಟಿಸಿದ ನನ್ನ ಅನುಭವ

"ಏನ್ರಿ ಅಣ್ಣಾ, ನಾಯಿಗಿ ಸಂಡಾಸ ಕಟ್ಟಸ್ಲತ್ತೀರಂತಲ್ಲ?" ಎಂದು ನಕ್ಕವರೇ ಈಗ ನಮ್ಮ ಪಾರ್ಕಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ವಾಕಿಂಗ್ ಮಾಡುತ್ತಾರೆ. ಬರಿಗಾಲು ಬೇಡ ಅಂತ ನಾನೇ ಬೈಯುತ್ತೇನೆ. ಕೊಕ್ಕೆಹುಳದ ಮರಿ ಅಂಗಾಲಿನಿಂದಲೇ ಒಳಗೆ ಹೋಗುತ್ತದೆ. ಯಾರು ಕೇಳುತ್ತಾರೆ!

ನಮ್ಮದು ಕಲಬುರಗಿಯ ಒಂದು ಲೇಔಟ್. ಪಾರ್ಕು ಅರ್ಧ ಎಕರೆ ಇರಬಹುದು. ಸಾಕಿದ ನಾಯಿ ಹದಿನೈದರ ಹತ್ತಿರ, ಬೀದಿನಾಯಿ ಒಂಬತ್ತೋ ಹತ್ತೋ. ಪಾರ್ಕು ನೋಡಿಕೊಳ್ಳುವವರಿಗೆ ಮುಂದಿನದು ಹೇಳಬೇಕಿಲ್ಲ.

ಮೊದಲು ಎಲ್ಲರಂತೆ ಫಿನೈಲ್ ಸುರಿದೆ. ಎರಡು ತಿಂಗಳಿಗೆ 1,800 ರೂಪಾಯಿ ಹೋಯಿತು. ನಾಯಿಗಳು ಎರಡು ಅಡಿ ಆಚೆ ಸರಿದು ಕೂತವು, ಅಷ್ಟೇ. ಆಮೇಲೆ ಬಣ್ಣದ ನೀರಿನ ಬಾಟಲಿ. ಒಂದು ಬದಿಗೆ ಕುಂಕುಮದ ಕೆಂಪು, ಇನ್ನೊಂದು ಬದಿಗೆ ಬಟ್ಟೆಗೆ ಹಾಕುವ ನೀಲಿ. 20 ದಿನ ಲೆಕ್ಕ ಇಟ್ಟೆ. ಎರಡೂ ಕಡೆ ಒಂದೇ. ನಾಯಿಗೆ ಕೆಂಪು ಬಣ್ಣ ಕೆಂಪಾಗಿ ಕಾಣುವುದೇ ಇಲ್ಲ, ನೀಲಿ ಕಾಣುತ್ತದೆ. ಕಂಡರೂ ನಮ್ಮ ಕರಿಯಾ ಎರಡು ನೀಲಿ ಬಾಟಲಿಗಳ ನಡುವೆಯೇ ಕೂತು, ಹಿಂಗಾಲಲ್ಲಿ ಮಣ್ಣು ಕೆದರಿ ಹೋದ. ಇದನ್ನೆಲ್ಲ ಹೇಳಿದರೂ ಪಕ್ಕದ ಮನೆ ಅತ್ತೆ ಗೇಟಿನ ಕೆಂಪು ಬಾಟಲಿ ಇನ್ನೂ ತೆಗೆದಿಲ್ಲ.

ನಾಯಿ ವಾಸನೆ ಹಿಡಿದು ಹಳೇ ಜಾಗಕ್ಕೇ ಬರುತ್ತದೆ. ಹಾಗಾಗಿ ತೊಳೆಯುವುದು ಬಿಟ್ಟು ಉಲ್ಟಾ ಮಾಡಿದೆ. ಬೇವಿನ ಮರದ ಕೆಳಗೆ 8 ಅಡಿಗೆ 6 ಅಡಿ ಜಾಗದಲ್ಲಿ ಕರಿಮಣ್ಣು ಒಂದು ಅಡಿ ತೆಗೆಸಿ ಮರಳು ತುಂಬಿಸಿದೆ. ಸುತ್ತ ಶಹಾಬಾದ್ ಕಲ್ಲಿನ ಒಡಕು ತುಂಡುಗಳನ್ನು ನಿಲ್ಲಿಸಿದೆ. ಪಾರ್ಕಿನಲ್ಲಿ ಆರಿಸಿದ ಹೊಲಸನ್ನೇ ಅಲ್ಲಿ ಎರಡು ಕಡೆ ಇಟ್ಟೆ. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಬೆಳಗ್ಗೆ ಕರಿಯಾ ಬಂದು ಮೂಸಿ, ಎರಡು ಸುತ್ತು ಸುತ್ತಿ ಕೂತ. ನಾನು ಬೆಂಚಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಮಗ ಪಾಸಾದಾಗಲೂ ಅಷ್ಟು ಖುಷಿ ಆಗಿರಲಿಲ್ಲ. ತಿಂಗಳಲ್ಲಿ ಹತ್ತರಲ್ಲಿ ಏಳು ನಾಯಿ ಅಲ್ಲಿಗೇ ಬರತೊಡಗಿದವು.

ಮರಳೊಂದೇ ಸಾಲಲಿಲ್ಲ. ನಾಯಿ ಸಾಮಾನ್ಯವಾಗಿ ತಿಂದ ಸ್ವಲ್ಪ ಹೊತ್ತಿಗೇ ಜಾಗ ಹುಡುಕುತ್ತದೆ. ಅನ್ನ ಹಾಕುವ ಅಕ್ಕ ದೊಡ್ಡ ಗೇಟಿನ ಎದುರೇ ಸುರಿಯುತ್ತಿದ್ದರು, ಹೊತ್ತುಗೊತ್ತು ಇರಲಿಲ್ಲ. ಬೇವಿನ ಕಡೆ, ಸಂಜೆ 7ಕ್ಕೆ ಹಾಕಿ ಎಂದೆ. "ನಾಯಿ ಊಟಕ್ಕ ನೀವ್ಯಾಕ ಟೈಮ್ ಇಡ್ತೀರಿ?" ಎಂದು ಸಿಟ್ಟಾದರು. ಅನ್ನ ಹಾಕುವ ಜಾಗ ಮಕ್ಕಳು ಆಡುವ ಕಡೆಯಿಂದ ದೂರ ಇರಬೇಕು ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲೇ ಇದೆ. ಅದನ್ನು ಓದಿ ಹೇಳಿದೆ. ನಿಯಮಕ್ಕೆ ಒಪ್ಪಿದರೋ, ನನ್ನ ಹೆಂಡತಿ ಕೊಟ್ಟ ಚಹಾಕ್ಕೋ, ಗೊತ್ತಿಲ್ಲ. ನಾಯಿ ಹಿಡಿದು ರಿಂಗ್ ರೋಡಿನಾಚೆ ಬಿಟ್ಟು ಬನ್ನಿ ಎಂದವರೂ ಇದ್ದರು. ಆಪರೇಷನ್ ಮಾಡಿಸಿದರೂ ಹಿಡಿದ ಜಾಗಕ್ಕೇ ತಂದು ಬಿಡಬೇಕೆಂಬ ಕಾನೂನು ಅವರಿಗೆ ಬೇಕಿರಲಿಲ್ಲ.

ಈಗ ಎತ್ತಿದ ಹೊಲಸು ಹಾಕಿ ಗೊಬ್ಬರ ಮಾಡುವ ಡ್ರಮ್ಮಿನ ಕತೆ. ನಾನು ಜಾಸ್ತಿ ದುಡ್ಡು ಕಳೆದದ್ದು ಇಲ್ಲೇ. ತಳ ಕೊಯ್ದ 200 ಲೀಟರಿನ ಹಳೇ ಡ್ರಮ್ ಜೂನ್‌ನಲ್ಲಿ ಹುಗಿದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಹನಿ ನೀರೂ ಕೆಳಗೆ ಬಿಡುವುದಿಲ್ಲ. ಜುಲೈಯಲ್ಲಿ ಡ್ರಮ್ ಬಾವಿಯಾಯಿತು. ಒಂದು ವಾರ ಇಡೀ ಲೇಔಟ್ ನನ್ನ ಹೆಸರು ಹಿಡಿದು ಬೈದಿದೆ. ಕೂಲಿ ಸೇರಿ 1,200 ನೀರಲ್ಲಿ ಹೋಯಿತು, ನಿಜವಾಗಿಯೂ ನೀರಲ್ಲೇ. ಎರಡನೇ ಸಲ ಇನ್ನೂ ಆಳ ತೋಡಿ, ಕೆಳಗೆ ಮೊರಂ ಮತ್ತು ಇಟ್ಟಿಗೆ ಚೂರು ಹಾಕಿ, ಡ್ರಮ್ಮಿನ ಬಾಯಿ ನೆಲಕ್ಕಿಂತ ಒಂದು ಗೇಣು ಮೇಲಿಟ್ಟೆ. ಮುಚ್ಚಳಕ್ಕೆ ಶಹಾಬಾದ್ ಕಲ್ಲು.

ಮೇಲೆ ಹಾಕಲು ತೊಗರಿ ಹೊಟ್ಟು ಸಾಕು ಅಂದುಕೊಂಡಿದ್ದೆ. ಊರ ತುಂಬ ದಾಲ್ ಮಿಲ್, ಸುಮ್ನೆ ಸಿಗುತ್ತದೆ ಅಲ್ವಾ? ಮಿಲ್ಲಿನವರು ನಕ್ಕುಬಿಟ್ಟರು. ಎಮ್ಮೆ ಮೇವು ಅದು, ಚೀಲಕ್ಕೆ 400ರ ಮೇಲೆ. ಆದರೂ ಎರಡು ಚೀಲ ತಂದೆ. ಹಸಿಯಾಗಿ ಅಂಟಾಯಿತು, ಹುಳ ಬಿತ್ತು. ಈಗ ಸಾ ಮಿಲ್ಲಿನ ಕಟ್ಟಿಗೆ ಪುಡಿ, ಚೀಲಕ್ಕೆ 50. ಒಂದು ಸಲಿಕೆ ಹೊಲಸಿಗೆ ಎರಡು ಸಲಿಕೆ ಪುಡಿ. ವಾರಕ್ಕೊಮ್ಮೆ ಹುಳಿ ಮಜ್ಜಿಗೆಗೆ ಬೆಲ್ಲ ಕಲಸಿ ಹಾಕುತ್ತೇನೆ. ಅದರಲ್ಲಿ ಇನ್ನೊಂದು ಬೀಳುತ್ತದೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಮನೆಗೆ ಬನ್ನಿ, ಹೇಳುತ್ತೇನೆ.

ಹೊಲಸು ಎತ್ತುವ ಉಪಾಯ ಮಾತ್ರ ಬಿಟ್ಟಿ ಕೊಡುತ್ತೇನೆ. ಖಾನಾವಳಿಯ ಒಲೆ ಬೂದಿ ತಂದಿಡಿ. ಹಸಿ ಇದ್ದರೆ ಮೇಲೆ ಉದುರಿಸಿ ಕಾಲು ಗಂಟೆ ಬಿಡಿ. ಹಂಚಿನಿಂದ ರೊಟ್ಟಿ ಎದ್ದ ಹಾಗೆ ಏಳುತ್ತದೆ. ಊಟದ ಹೊತ್ತಿಗೆ ಓದುತ್ತಿದ್ದರೆ ಕ್ಷಮಿಸಿ.

ಸಾಕಿದ ನಾಯಿಯವರಿಗಾಗಿ ಗೇಟಿನ ಮೊಳೆಗೆ ಹಳೇ ಪೇಪರ್ ಸಿಕ್ಕಿಸಿದೆ. ನಾಯಿ ಕೂತಾಗ ಹಿಂದೆ ಒಂದು ಹಾಳೆ ಹಾಸಿದರೆ ಆಯಿತು, ನೆಲವೇ ಹೊಲಸಾಗುವುದಿಲ್ಲ. ಆದರೆ ದಿನಾ ಸಂಜೆ ಪೇಪರ್ ಮಾಯ. ನೋಡಿದರೆ ಮೂಲೆಯ ಬಂಡಿಯಲ್ಲಿ ಮಿರ್ಚಿ ಕಟ್ಟಿಕೊಡುತ್ತಿದ್ದಾರೆ! ಮರುದಿನ ಪ್ರತಿ ಹಾಳೆಯ ಮೇಲೂ ಕೆಂಪು ಸ್ಕೆಚ್ ಪೆನ್ನಲ್ಲಿ 'ನಾಯಿಗೆ' ಎಂದು ಬರೆದಿಟ್ಟೆ. ಆಮೇಲೆ ಒಂದೂ ಹೋಗಿಲ್ಲ.

ಐದಾರು ತಿಂಗಳಿಗೆ ಡ್ರಮ್ ತುಂಬುತ್ತದೆ. ಮುಚ್ಚಿ ಒಂದು ವರ್ಷದ ಮೇಲೆ ಬಿಡುತ್ತೇನೆ, ಅಷ್ಟರಲ್ಲಿ ಬೇರೆ ಡ್ರಮ್ಮುಗಳು ಸರದಿಯಂತೆ ನಡೆಯುತ್ತವೆ. ಆ ಗೊಬ್ಬರ ಹೊಂಗೆ, ಬೇವಿನ ಬುಡಕ್ಕೆ ಮಾತ್ರ. ಕಾಕಾ ಒಬ್ಬರು ಬದನೆ ಗಿಡಕ್ಕೆ ಕೇಳಿದರು, ಕೊಡಲಿಲ್ಲ. ಸಗಣಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಂತುಹುಳದ ಮೊಟ್ಟೆ ಸಾಯುವಷ್ಟು ಕಾವು ಇಷ್ಟು ಸಣ್ಣ ಡ್ರಮ್ಮಿನಲ್ಲಿ ಏಳುವುದಿಲ್ಲ.

ಕೆಟ್ಟದ್ದು, ಒಳ್ಳೆಯದು ಎಲ್ಲ ಸೇರಿ 9,000 ಚಿಲ್ಲರೆ ಖರ್ಚಾಗಿದೆ. ಈಗ ತಿಂಗಳಿಗೆ 300. ಮೂರು ನಾಯಿ ಇನ್ನೂ ಮರಳಿಗೆ ಬರುವುದಿಲ್ಲ. ಅದರಲ್ಲಿ ಒಂದು ದಿನಾ ಬೆಳಗ್ಗೆ ಡ್ರಮ್ಮಿನ ಮುಚ್ಚಳದ ಮೇಲೆಯೇ ಕೂರುತ್ತದೆ.