ಐದೈದು ಡಾಲರಿನಲ್ಲಿ ನಡೆಯುವ ನನ್ನ ಕೋವಿ ಚಾನೆಲ್

ನಾನು ಕೊಡಗಿನವನು. ಈಗ ಇರುವುದು ಅಮೆರಿಕದ ಅರಿಜೋನಾದಲ್ಲಿ. ವಾರಕ್ಕೆ ಐದು ದಿನ ಸಾಫ್ಟ್‌ವೇರ್ ಕೆಲಸ. ಶನಿವಾರ ಬೆಳಿಗ್ಗೆ ಗ್ಯಾರೇಜಿನ ಮೇಜಿಗೆ ಹಸಿರು ಬಟ್ಟೆ ಹಾಸಿ, ಹಳೆಯ ಕೋವಿಯೊಂದನ್ನು ಇಟ್ಟು, ಅದರ ಕಥೆ ಹೇಳುವ ವೀಡಿಯೊ ಮಾಡುತ್ತೇನೆ. ಎಲ್ಲವೂ ಐವತ್ತು ವರ್ಷ ದಾಟಿದ ಕೋವಿಗಳು. ಇಲ್ಲಿ ಅಂಥವನ್ನು ಕೂಡಿಡುವವರಿಗೆ ಬೇರೆಯೇ ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್.

ನಮ್ಮ ಮನೆಯಲ್ಲಿ ಕೋವಿ ಅಂದರೆ ಪೂಜೆಗೆ ಇಡುವ ವಸ್ತು. ಸೆಪ್ಟೆಂಬರಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತಾತ ಅದನ್ನು ಒರೆಸಿ, ನಳಿಕೆಗೆ ಕೋವಿ ಹೂ, ಅಂದರೆ ತೋಕ್‌ಪೂ ಸಿಕ್ಕಿಸುತ್ತಿದ್ದರು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಮೆರಿಕಕ್ಕೆ ಬಂದಾಗ ನನ್ನ ಪಾಲಿಗೆ ಎಲ್ಲ ತಿರುಗುಮುರುಗಾಯಿತು. ಎಚ್-1ಬಿ ವೀಸಾದವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಸುಮ್ನೆ ಕಾದೆ.

ಮೊದಲು ಕೊಂಡದ್ದು ಇಷಾಪುರದ 2ಎ1. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ ರೂಪುಗೊಂಡ ರೈಫಲ್ ಇದು. ನೋಡಲು ಬ್ರಿಟಿಷರ ಕಾಲದ .303 ರೈಫಲಿನ ಹಾಗೇ ಇದೆ, ಆದರೆ ಹಾಕುವುದು 7.62 ಮಿ.ಮೀ. ತೋಟೆ. ಮ್ಯಾಗಜೀನಿನಲ್ಲಿ ಹನ್ನೆರಡು ಹಿಡಿಸುತ್ತವೆ. ಮಿಲಿಟರಿ ಮಾರಿದ ಹಳೆ ಮಾಲಾಗಿ ಇವು ಅಮೆರಿಕಕ್ಕೆ ರಾಶಿ ರಾಶಿ ಬಂದವು. ನನ್ನದರ ಮೇಲೆ ಅಶೋಕ ಸಿಂಹದ ಮುದ್ರೆ, ಅದರ ಕೆಳಗೆ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಷಾಪುರ), ಕೆಳಗೆ 1967. ಎಲ್ಲೋ ಅರಿಜೋನಾದ ಅಂಗಡಿಯ ಮೂಲೆಯಲ್ಲಿ ಆ ಸಿಂಹದ ತಲೆಗಳನ್ನು ಕಂಡಾಗ ಗಂಟಲು ಕಟ್ಟಿತ್ತು. ಅದೇ ನನ್ನ ಮೊದಲ ವೀಡಿಯೊ.

ಮೊದಲ ವರ್ಷ ಜಾಹೀರಾತಿನಿಂದ ಸ್ವಲ್ಪ ದುಡ್ಡು ಬಂತು. ಆಮೇಲೆ ಒಂದೊಂದೇ ವೀಡಿಯೊಗೆ ಹಳದಿ ಗುರುತು ಬೀಳತೊಡಗಿತು. ಹಳದಿ ಬಿತ್ತು ಅಂದರೆ ಜಾಹೀರಾತು ಇಲ್ಲ, ಅಥವಾ ತೀರಾ ಕಡಿಮೆ. ಒಂದು ವೀಡಿಯೊದಲ್ಲಿ ನಾನು ಗುಂಡೇ ಹಾರಿಸಿರಲಿಲ್ಲ. ಮರದ ಭಾಗ ಸೀಳದ ಹಾಗೆ ಇಷಾಪುರದವರು ಅಡ್ಡಲಾಗಿ ಹಾಕುತ್ತಿದ್ದ ಸ್ಕ್ರೂ ಒಂದಿದೆ, ಅದನ್ನಷ್ಟೇ ತೋರಿಸಿದ್ದೆ. ಅದಕ್ಕೂ ವಯಸ್ಸಿನ ನಿರ್ಬಂಧ ಬಿತ್ತು. ಮನವಿ ಕಳಿಸಿದೆ. ಎರಡೇ ಸಾಲಿನ ಉತ್ತರ ಬಂತು, ಕಾರಣ ಅದರಲ್ಲಿ ಇರಲಿಲ್ಲ.

ಈ ಕಷ್ಟ ನನಗಿಂತ ಮೊದಲೇ ಬಹಳ ಜನ ಕಂಡಿದ್ದರು. 2018ರ ಮಾರ್ಚಿನಲ್ಲಿ ಯೂಟ್ಯೂಬ್ ನಿಯಮ ಬಿಗಿ ಮಾಡಿತು. ಬಂದೂಕು ಮಾರುವ, ಬಂದೂಕು ತಯಾರಿಸುವುದನ್ನು ಹೇಳಿಕೊಡುವ ವೀಡಿಯೊಗಳಿಗೆ ತಡೆ ಬಂತು. ಅದು ಸರಿಯಾದ ಗೆರೆ ಅಂತ ನಾನೂ ಒಪ್ಪುತ್ತೇನೆ. ತಯಾರಿಸುವುದು, ಮಾರ್ಪಡಿಸುವುದು ನನ್ನ ವೀಡಿಯೊದಲ್ಲಿ ಎಂದೂ ಬಂದಿಲ್ಲ, ಬರುವುದೂ ಇಲ್ಲ. ಆದರೆ ಅಂಥ ಗೆರೆಯ ಆಚೆ ಈಚೆ ಇತಿಹಾಸದ ವೀಡಿಯೊಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಅದೇ ತಿಂಗಳು ಇನ್‌ರೇಂಜ್ ಟಿವಿ ಎಂಬ ಕೋವಿ ಚಾನೆಲಿನವರು ತಮ್ಮ ವೀಡಿಯೊಗಳನ್ನು ವಯಸ್ಕರ ತಾಣವೊಂದಕ್ಕೆ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ದುಡ್ಡು ಹೊಂದಿಸುವ ರೀತಿ: ಜಾಹೀರಾತೂ ಬೇಡ, ಪ್ರಾಯೋಜಕರೂ ಬೇಡ, ನೋಡುಗರು ಕೊಟ್ಟಷ್ಟರಲ್ಲಿ ನಡೆಸುತ್ತೇವೆ ಅಂತ. ಫರ್ಗಾಟನ್ ವೆಪನ್ಸ್ ಚಾನೆಲಿನ ಇಯಾನ್ ಮೆಕ್ಕಾಲಮ್, ಮೊದಲ ಮಹಾಯುದ್ಧದ ಕೋವಿಗಳ ಬಗ್ಗೆ ಗಂಟೆಗಟ್ಟಲೆ ಹೇಳುವ ಸಿ ಅಂಡ್ ಆರ್ಸೆನಲ್‌ನವರು, ಇವರೆಲ್ಲರ ಬೆನ್ನಿಗೂ ಪೇಟ್ರಿಯಾನ್ ಎಂಬ ತಾಣದಲ್ಲಿ ತಿಂಗಳು ತಿಂಗಳು ಕೊಡುವ ನೋಡುಗರಿದ್ದಾರೆ.

ನಾನೂ ಪೇಟ್ರಿಯಾನ್ ಪುಟ ತೆರೆದೆ. ಒಂದು, ಐದು, ಹದಿನೈದು ಡಾಲರಿನ ಮೂರು ಹಂತ ಇಟ್ಟೆ. ಹದಿನೈದರವರಿಗೆ ಟೀ ಶರ್ಟ್ ಅಂದಿದ್ದೆ, ಅದು ತಪ್ಪಾಯಿತು. ಅಂಚೆ ಖರ್ಚಿಗೇ ದುಡ್ಡೆಲ್ಲ ಹೋಯಿತು, ಶನಿವಾರಗಳು ಪೊಟ್ಟಣ ಕಟ್ಟುವುದರಲ್ಲಿ ಕಳೆದವು. ನಾಲ್ಕೇ ತಿಂಗಳಿಗೆ ಅದನ್ನು ನಿಲ್ಲಿಸಿ ಎಲ್ಲರಿಗೂ ಪತ್ರ ಬರೆದೆ. ಬಿಟ್ಟು ಹೋದವರು ಇಬ್ಬರು ಮಾತ್ರ. ಅವರಿಗೆ ಬೇಕಿದ್ದದ್ದು ಟೀ ಶರ್ಟ್ ಅಲ್ಲ, ಮುಂದಿನ ವೀಡಿಯೊ. ಈಗ ಹಣ ಕೊಡುವವರಿಗೆ ಸಿಗುವುದು ಎರಡೇ: ಒಂದು ವಾರ ಮೊದಲು ವೀಡಿಯೊ, ಮುಂದೆ ಯಾವ ಕೋವಿ ಅಂತ ಹೇಳುವ ಹಕ್ಕು. ವಾರ ಕಳೆದ ಮೇಲೆ ಎಲ್ಲರಿಗೂ ಪುಕ್ಕಟೆ.

ಪುಕ್ಕಟೆ ಇಡಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣ ಒಬ್ಬರು ಹಿರಿಯರು. ಉತ್ತರ ಕರ್ನಾಟಕದವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಮಗನ ಫೋನಿನಿಂದ ವಾಯ್ಸ್ ಮೆಸೇಜ್ ಕಳಿಸಿದ್ದರು. "ತಮ್ಮಾ, .303 ಬಗ್ಗೆ ಅಷ್ಟೆಲ್ಲಾ ಹೇಳಿದಿ, ಹಿಂದಿನ ಹಿತ್ತಾಳೆ ಮುಚ್ಚಳ ತೆಗೀಲೇ ಇಲ್ಲಲ್ಲ?" ಅಂತ. ಅವತ್ತೇ ರಾತ್ರಿ ಗ್ಯಾರೇಜಿಗೆ ಹೋದೆ. ಹಿಡಿಯ ತುದಿಯ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಎಣ್ಣೆಯ ಪುಟ್ಟ ಬುಡ್ಡಿ. ಅದರ ಜೊತೆ ಸುತ್ತಿಟ್ಟ ದಾರ, ತುದಿಗೆ ಹಿತ್ತಾಳೆಯ ತೂಕ. ನಳಿಕೆ ಒರೆಸುವ ಪುಲ್‌ಥ್ರೂ ಅದು. ಬುಡ್ಡಿಯ ಬಿರಡೆ ತೆಗೆದರೆ ಇನ್ನೂ ಎಣ್ಣೆಯ ವಾಸನೆ ಇತ್ತು! ವರ್ಷಗಟ್ಟಲೆ ಆ ಕೋವಿ ನನ್ನ ಮನೆಯಲ್ಲೇ ಇತ್ತು, ನಾನು ತೆಗೆದು ನೋಡಿರಲಿಲ್ಲ. ಮುಂದಿನ ವೀಡಿಯೊ ಪೂರ್ತಿ ಅದರ ಮೇಲೇ ಮಾಡಿದೆ. ಅವರು ನನಗೆ ಒಂದು ಪೈಸೆಯನ್ನೂ ಕೊಟ್ಟಿಲ್ಲ. ಡಾಲರ್ ಕಟ್ಟಿದವರಿಗೆ ಮಾತ್ರ ಅಂತ ಬೀಗ ಹಾಕಿದ್ದರೆ ಅವರು ನನ್ನ ವೀಡಿಯೊ ನೋಡುತ್ತಲೇ ಇರಲಿಲ್ಲ, ಅಲ್ವಾ?

ಊರಿನಿಂದ ದುಡ್ಡು ಕಳಿಸುವುದೂ ಸುಲಭವಲ್ಲ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪಾವತಿಗಳು ಬಹಳಷ್ಟು ಕಾರ್ಡುಗಳಲ್ಲಿ ನಿಂತವು. ಮಡಿಕೇರಿಯ ಬಾವನ ಕಾರ್ಡೂ ಹಾಗೇ ಆಯಿತು. ನೀವು ನೋಡಿ, ನಾಲ್ಕು ಜನರಿಗೆ ಹೇಳಿ, ಅಷ್ಟು ಸಾಕು ಬಾವ ಅಂದೆ. ಇಲ್ಲಿಯವರಿಗೆ ಹೇಳುವ ಮಾತು ಬೇರೆ: ಐಫೋನಿನ ಆ್ಯಪ್‌ ಒಳಗಿಂದ ಕಟ್ಟಬೇಡಿ, ಬ್ರೌಸರಿನಲ್ಲಿ ಪುಟ ತೆರೆದು ಕಟ್ಟಿ. ಆ್ಯಪ್‌ ಒಳಗೆ ಆ್ಯಪಲ್ ಪಾವತಿಯಲ್ಲಿ ಕಟ್ಟಿದರೆ ಆ್ಯಪಲ್ ತನ್ನ ಪಾಲು ಶೇ 30ರವರೆಗೆ ಹಿಡಿಯುತ್ತದೆ.

ಸ್ವತಂತ್ರ ತಾಣಗಳ ಬಗ್ಗೆ ಎರಡು ಮಾತು. ದೊಡ್ಡ ತಾಣದ ಮೇಲೆ ಸಿಟ್ಟಾಗಿ ಎಲ್ಲ ವೀಡಿಯೊಗಳನ್ನೂ ಸಣ್ಣ ತಾಣವೊಂದಕ್ಕೆ ಸಾಗಿಸಿದ್ದೆ. ಅಲ್ಲಿ ನೆಮ್ಮದಿ ಇತ್ತು, ನೋಡುವವರು ಕಡಿಮೆ. ಒಂದು ಸೋಮವಾರ ತೆರೆದರೆ ತಾಣವೇ ಇಲ್ಲ. ನಲವತ್ತೊಂದು ವೀಡಿಯೊ, ಅವುಗಳ ಕೆಳಗೆ ಜನ ಬರೆದಿದ್ದ ಮಾತುಗಳು, ಎಲ್ಲ ಹೋದವು. ವೀಡಿಯೊಗಳ ಮೂಲ ಪ್ರತಿ ನನ್ನ ಹಾರ್ಡ್ ಡಿಸ್ಕಿನಲ್ಲಿ ಇದ್ದವು. ಜನರ ಮಾತುಗಳು ಮಾತ್ರ ಮತ್ತೆ ಸಿಗಲಿಲ್ಲ. ಒಬ್ಬರು ತಮ್ಮ ಅಜ್ಜ ಬರ್ಮಾ ಯುದ್ಧದಿಂದ ತಂದ ಕಥೆಯನ್ನು ಅಲ್ಲಿ ಉದ್ದಕ್ಕೆ ಬರೆದಿದ್ದರು. ಅದನ್ನು ನಕಲು ಮಾಡಿಟ್ಟುಕೊಳ್ಳದ ಬೇಸರ ಈಗಲೂ ಇದೆ.

ಪೀರ್‌ಟ್ಯೂಬ್ ಅಂತ ಫ್ರಾನ್ಸಿನ ಫ್ರಾಮಾಸಾಫ್ಟ್‌ನವರ ಮುಕ್ತ ತಂತ್ರಾಂಶ ಇದೆ, ನಮ್ಮದೇ ಸರ್ವರಿನಲ್ಲಿ ವೀಡಿಯೊ ತಾಣ ನಡೆಸಬಹುದು. ನಾನು ಅದನ್ನು ಹಾಕಿದೆ. ಸರ್ವರ್ ಕೆಲಸ ನನಗೆ ಅಭ್ಯಾಸ, ಹಾಗಾಗಿ ಒಂದೇ ವಾರಾಂತ್ಯ ಸಾಕಾಯಿತು. ಖರ್ಚು ಜಾಸ್ತಿ ಬರುವುದು ಜನ ಒಟ್ಟಿಗೆ ನೋಡಲು ಬಂದಾಗ. ಆ ಬಿಲ್ ಕಟ್ಟುವುದು ಐದು ಡಾಲರಿನವರ ದುಡ್ಡಿನಿಂದಲೇ. ಮೆಕ್ಕಾಲಮ್ ಮತ್ತು ಅವರ ಜೊತೆಯ ಕೆಲವರು ಹಿಸ್ಟರಿ ಆಫ್ ವೆಪನ್ಸ್ ಅಂಡ್ ವಾರ್ ಅಂತ ಚಂದಾ ಕಟ್ಟಿ ನೋಡುವ ತಮ್ಮದೇ ತಾಣ ಮಾಡಿಕೊಂಡಿದ್ದಾರೆ. ಒಬ್ಬನೇ ಮಾಡುವವನಿಗೆ ಅದು ಆಗುವ ಕೆಲಸವಲ್ಲ.

ಈಗ ನನ್ನ ಕ್ರಮ ಹೀಗಿದೆ. ಶುಕ್ರವಾರ ರಾತ್ರಿ ನನ್ನ ಸರ್ವರಿಗೆ, ವಾರದ ನಂತರ ಯೂಟ್ಯೂಬಿಗೆ. ಅಲ್ಲಿ ಇಟ್ಟರೆ ಹೊಸಬರು ಕಾಣುತ್ತಾರೆ, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಇವೆಲ್ಲಕ್ಕಿಂತ ಜೋಪಾನ ಮಾಡುವುದು ಇಮೇಲ್ ಪಟ್ಟಿಯನ್ನು. ಹಿಂದೊಮ್ಮೆ ಹಣ ಪಾವತಿಯ ಕಂಪನಿಯೊಂದು ನನ್ನ ಪುಟದಲ್ಲಿ "ರೈಫಲ್" ಅಂತ ಇದೆ ಎಂದು ಖಾತೆಯನ್ನು ಹನ್ನೊಂದು ದಿನ ತಡೆಹಿಡಿದಿತ್ತು. ಆ ರಾತ್ರಿಯೇ ಪಟ್ಟಿಯಲ್ಲಿದ್ದ ಎಲ್ಲರಿಗೂ ಪತ್ರ ಹಾಕಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಅರವತ್ತು ಉತ್ತರಗಳು. ಇಬ್ಬರು ಚೆಕ್ ಕಳಿಸಲು ವಿಳಾಸ ಕೇಳಿದ್ದರು.

ಈ ಸಲ ಹಣ ಕೊಡುವವರು ಆರಿಸಿರುವುದು ನಮ್ಮ ಮನೆಯ ಕೋವಿಯನ್ನೇ, ತಾತ ಹೂ ಸಿಕ್ಕಿಸುತ್ತಿದ್ದದ್ದು. ಅದು ಇಲ್ಲಿಗೆ ಬರುವುದಿಲ್ಲ, ನಾನೇ ಹೋಗಬೇಕು. ಟಿಕೆಟಿನ ಅರ್ಧ ದುಡ್ಡು ಅವರದ್ದು. ಕೈಲ್‌ಪೊಳ್ದ್‌ಗೆ ಎರಡು ದಿನ ಮೊದಲು ಊರಲ್ಲಿರುತ್ತೇನೆ. ಕೋವಿಗೆ ಎಣ್ಣೆ ಹಾಕಬೇಡಿ, ನಾನು ಬಂದು ಕ್ಯಾಮೆರಾ ಮುಂದೆ ಒರೆಸುತ್ತೇನೆ ಅಂತ ಅವ್ವನಿಗೆ ಹೇಳಿಟ್ಟಿದ್ದೇನೆ.